ಸಿವಿಲ್ ಕೋರ್ಟು, ಗ್ರಾಹಕರ ಆಯೋಗ, ಲೋಕ ಅದಾಲತ್: ನಿಮ್ಮ ತಕರಾರಿಗೆ ಯಾವುದು ಸರಿ?

"ಕೋರ್ಟಿನಲ್ಲೇ ನೋಡ್ಕೋತೀನಿ" ಅಂತ ಹೇಳುವುದು ಸುಲಭ. ಯಾವ ಕೋರ್ಟು ಅಂತ ಕೇಳಿದರೆ ಹೆಚ್ಚಿನವರ ಹತ್ತಿರ ಉತ್ತರ ಇರುವುದಿಲ್ಲ. ಪರಿಚಯದ ವಕೀಲರ ಬಳಿ ಹೋಗುತ್ತಾರೆ, ಅವರು ದಿನಾ ಓಡಾಡುವ ಕೋರ್ಟಿನಲ್ಲೇ ಕೇಸು ದಾಖಲಾಗುತ್ತದೆ. ಇನ್ನು ಕೆಲವರು ನೇರವಾಗಿ ಪೊಲೀಸ್ ಠಾಣೆಗೆ ಹೋಗಿ, "ಇದು ಸಿವಿಲ್ ಮ್ಯಾಟರು, ಕೋರ್ಟಿಗೆ ಹೋಗಿ" ಅನ್ನಿಸಿಕೊಂಡು ವಾಪಸ್ ಬರುತ್ತಾರೆ. ಹೀಗೇ ತಿಂಗಳುಗಳು ಕಳೆಯುತ್ತವೆ. ಕೇಸು ಹಾಕಲು ಕಾನೂನು ಕೊಟ್ಟಿರುವ ಅವಧಿಯೂ ಅಷ್ಟರಲ್ಲಿ ಕರಗುತ್ತಿರುತ್ತದೆ.

ಅದಕ್ಕೇ ಯಾರು ಕೇಳಿದರೂ ನಾನು ಹೇಳುವುದು ಇದು: ಮೊದಲು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಮಾಡಿ, ಆಮೇಲೆ ವಕೀಲರನ್ನು ಹುಡುಕಿ. ಮೂರು ಪ್ರಶ್ನೆ ಕೇಳಿಕೊಂಡರೆ ದಾರಿ ಹೆಚ್ಚು ಕಡಿಮೆ ಗೊತ್ತಾಗುತ್ತದೆ. ಎದುರಿಗಿರುವವರು ಯಾರು: ಅಂಗಡಿಯವರೋ, ಸರ್ಕಾರಿ ಕಚೇರಿಯೋ, ಒಡಹುಟ್ಟಿದವರೋ? ನಿಮಗೆ ಬೇಕಾಗಿರುವುದು ಏನು: ಹಣವೋ, ಜಮೀನೋ, ತಡೆಯಾಜ್ಞೆಯೋ, ತಪ್ಪು ಮಾಡಿದವರಿಗೆ ಶಿಕ್ಷೆಯೋ? ತಕರಾರು ಶುರುವಾಗಿ ಎಷ್ಟು ದಿನ ಆಯಿತು?

ಕೋರ್ಟುಗಳ ಸಾಲು

ನಮ್ಮಲ್ಲಿ ಅಮೆರಿಕದ ಹಾಗೆ ಕೇಂದ್ರದ ಕಾನೂನಿಗೆ ಒಂದು, ರಾಜ್ಯದ ಕಾನೂನಿಗೆ ಒಂದು ಅಂತ ಬೇರೆ ಬೇರೆ ಕೋರ್ಟು ಇಲ್ಲ. ತಾಲ್ಲೂಕಿನಿಂದ ದೆಹಲಿಯವರೆಗೆ ಒಂದೇ ಸಾಲು. ತಾಲ್ಲೂಕಿನಲ್ಲಿ ಸಿವಿಲ್ ಜಡ್ಜ್ ಮತ್ತು ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಎಂಬ ಬೋರ್ಡು ನೋಡಿರುತ್ತೀರಿ. ಅದೇ ಜಡ್ಜು ಸಿವಿಲ್ ದಾವೆಯನ್ನೂ ಕೇಳುತ್ತಾರೆ, ಸಣ್ಣಪುಟ್ಟ ಕ್ರಿಮಿನಲ್ ಕೇಸನ್ನೂ ನಡೆಸುತ್ತಾರೆ. ಅವರ ಮೇಲೆ ಹಿರಿಯ ಸಿವಿಲ್ ನ್ಯಾಯಾಧೀಶರು, ಅವರ ಮೇಲೆ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರು. ಬೆಂಗಳೂರಿಗೆ ಮಾತ್ರ 1979ರ ಕಾಯ್ದೆಯಂತೆ ಸಿಟಿ ಸಿವಿಲ್ ಕೋರ್ಟು ಅಂತ ಪ್ರತ್ಯೇಕ ಏರ್ಪಾಡಿದೆ.

ಇದರ ಮೇಲೆ ಹೈಕೋರ್ಟು. ಬೆಂಗಳೂರಿನ ಅಠಾರಾ ಕಚೇರಿ ಪ್ರಧಾನ ಪೀಠ. ಧಾರವಾಡ, ಕಲಬುರಗಿ ಪೀಠಗಳು 2008ರಲ್ಲಿ ಸಂಚಾರಿ ಪೀಠಗಳಾಗಿ ಶುರುವಾಗಿ 2013ರಲ್ಲಿ ಕಾಯಂ ಆದವು. ಬೀದರ್, ರಾಯಚೂರು, ಯಾದಗಿರಿ, ವಿಜಯಪುರದವರು ಕಲಬುರಗಿಗೆ ಹೋಗಬೇಕು. ಬೆಳಗಾವಿ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಬಳ್ಳಾರಿ, ಉತ್ತರ ಕನ್ನಡದವರಿಗೆ ಧಾರವಾಡ. ಹಿಂದೆ ಒಂದು ವಾಯಿದೆಗಾಗಿ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಂಗಳೂರಿಗೆ ಬರಬೇಕಿದ್ದ ಜನಕ್ಕೆ ಇದು ದೊಡ್ಡ ವಿಷಯ. ಭಾಷೆಯಲ್ಲೂ ವ್ಯತ್ಯಾಸ ಇದೆ. ಜಿಲ್ಲಾ, ತಾಲ್ಲೂಕು ಕೋರ್ಟುಗಳಲ್ಲಿ ಕನ್ನಡದಲ್ಲೇ ದಾವೆ ಹೂಡಬಹುದು, ಸಾಕ್ಷಿ ಹೇಳಬಹುದು. ಹೈಕೋರ್ಟಿನಲ್ಲಿ ಸಂವಿಧಾನದ 348ನೇ ವಿಧಿಯಂತೆ ಇಂಗ್ಲಿಷ್.

ಈ ಸಾಲಿನ ಪಕ್ಕದಲ್ಲಿ ಇನ್ನಷ್ಟು ಕಡೆಗಳಿವೆ: ಗ್ರಾಹಕರ ಆಯೋಗ, ಬಿಲ್ಡರ್‌ಗಳ ಮೇಲಿನ ದೂರು ಕೇಳುವ ರೇರಾ, ಕೌಟುಂಬಿಕ ನ್ಯಾಯಾಲಯ, ತಹಶೀಲ್ದಾರ್ ಮತ್ತು ಎ.ಸಿ. (ಉಪವಿಭಾಗಾಧಿಕಾರಿ) ನಡೆಸುವ ಕಂದಾಯ ಕೋರ್ಟು, ರಾಜಿ ಮಾಡಿಸುವ ಲೋಕ ಅದಾಲತ್. ಜನಸಾಮಾನ್ಯರ ಬಹಳಷ್ಟು ತಕರಾರುಗಳಿಗೆ ಸರಿಯಾದ ಜಾಗ ಇವುಗಳಲ್ಲೇ ಒಂದು.

ಎದುರಿಗೆ ಅಂಗಡಿ, ಕಂಪನಿ, ವಿಮೆಯವರು ಇದ್ದರೆ

ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ. ದುಡ್ಡು ಕೊಟ್ಟು ಸಾಮಾನು ಅಥವಾ ಸೇವೆ ತೆಗೆದುಕೊಂಡು ಮೋಸ ಹೋಗಿದ್ದರೆ ಗ್ರಾಹಕರ ಆಯೋಗಕ್ಕೇ ಹೋಗಿ. ಕಾರಣ ಲೆಕ್ಕದಲ್ಲೇ ಇದೆ. ಕರ್ನಾಟಕದಲ್ಲಿ 5 ಲಕ್ಷ ರೂಪಾಯಿ ವಸೂಲಿಗೆ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿದರೆ ಕೋರ್ಟು ಶುಲ್ಕವೇ 33,375 ರೂಪಾಯಿ. ಅದೂ ಮೊದಲೇ ಕಟ್ಟಬೇಕು, ವಕೀಲರ ಫೀ ಬೇರೆ. ಗ್ರಾಹಕರ ಆಯೋಗದಲ್ಲಿ ನೀವು ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಸೊನ್ನೆ. 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000.

50 ಲಕ್ಷದವರೆಗೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ, ಅದರ ಮೇಲೆ ರಾಷ್ಟ್ರೀಯ ಆಯೋಗ. ಲೆಕ್ಕಕ್ಕೆ ಬರುವುದು ನೀವು ಕೊಟ್ಟ ಹಣ, ನೀವು ಕೇಳುವ ಪರಿಹಾರ ಅಲ್ಲ. ಇದನ್ನು ಸರಿಯಾಗಿ ಗಮನಿಸಿ. 20 ಸಾವಿರ ಪ್ರೀಮಿಯಂ ಕಟ್ಟಿ 60 ಲಕ್ಷದ ವಿಮೆ ಮಾಡಿಸಿದ್ದವರಿಗೆ ಕ್ಲೇಮ್ ನಿರಾಕರಿಸಿದರೆ, ಅದು ಜಿಲ್ಲಾ ಆಯೋಗಕ್ಕೇ ಬರುತ್ತದೆ, ಶುಲ್ಕವೂ ಇಲ್ಲ.

2019ರ ಕಾಯ್ದೆಯಲ್ಲಿ ಬಂದ ಇನ್ನೊಂದು ಅನುಕೂಲ ಊರು ಬಿಟ್ಟು ದುಡಿಯುವವರಿಗೆ. ನೀವು ವಾಸ ಮಾಡುವ ಅಥವಾ ಕೆಲಸ ಮಾಡುವ ಊರಿನಲ್ಲೇ ದೂರು ಕೊಡಬಹುದು. ಮುಂಬೈಯಲ್ಲಿರುವ ಕನ್ನಡಿಗರು ಹುಬ್ಬಳ್ಳಿಯಲ್ಲಿ ಕೊಂಡ ವಸ್ತುವಿಗೆ ಮುಂಬೈಯಲ್ಲೇ ದೂರು ಹಾಕಬಹುದು. ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಸಲ್ಲಿಕೆಯೂ ಇದೆ. ವಕೀಲರು ಬೇಕೇಬೇಕು ಅಂತಿಲ್ಲ. ಬಿಲ್ಲು, ವಾರಂಟಿ ಕಾರ್ಡು, ಕಂಪನಿಗೆ ಬರೆದ ಮೇಲ್‌ಗಳು, ಅವರ ಉತ್ತರ, ಇವನ್ನು ತಾರೀಕಿನ ಪ್ರಕಾರ ಜೋಡಿಸಿ, ಏನಾಯಿತು ಅಂತ ಸರಳವಾಗಿ ಬರೆದರೆ ಅದೇ ದೂರಿನ ಮುಕ್ಕಾಲು ಭಾಗ. ಮೊದಲು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ. ಎಷ್ಟೋ ಕಂಪನಿಗಳು ಆ ಹಂತದಲ್ಲೇ ದಾರಿಗೆ ಬರುತ್ತವೆ.

ಮಿತಿಗಳೂ ಇವೆ. ಎರಡು ವರ್ಷದೊಳಗೆ ದೂರು ಕೊಡಬೇಕು. ವ್ಯಾಪಾರಕ್ಕಾಗಿ ಕೊಂಡ ವಸ್ತುವಿಗೆ ಇದು ಅನ್ವಯಿಸುವುದಿಲ್ಲ. ಆದರೆ ಹೊಟ್ಟೆಪಾಡಿಗೆ ತಾನೇ ಓಡಿಸಲು ಕೊಂಡ ಆಟೋ, ತಾನೇ ಹೊಲಿಯಲು ಕೊಂಡ ಮಿಷನ್ನು ಇದರೊಳಗೆ ಬರುತ್ತದೆ. ವಸ್ತುವಿನ ಪರೀಕ್ಷೆ ಬೇಡದಿದ್ದರೆ 3 ತಿಂಗಳಲ್ಲಿ, ಬೇಕಿದ್ದರೆ 5 ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ನಿಜದಲ್ಲಿ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೊರಡಿ.

ಫ್ಲ್ಯಾಟಿನ ತಕರಾರಿಗೆ ರೇರಾ ಮತ್ತು ಗ್ರಾಹಕರ ಆಯೋಗ ಎರಡೂ ತೆರೆದಿವೆ ಅಂತ ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿದೆ. ಮನೆ ಕೊಡುವುದು ತಡವಾಗಿದೆ, ತಡವಾದಷ್ಟು ದಿನಕ್ಕೆ ಬಡ್ಡಿ ಬೇಕು ಅಥವಾ ಕಟ್ಟಿದ ಹಣ ವಾಪಸ್ ಬೇಕು ಅನ್ನುವವರಿಗೆ ರೇರಾ ನೇರ ದಾರಿ. ಆದರೆ ಆದೇಶ ಸಿಕ್ಕ ಮೇಲೆ ಬಿಲ್ಡರ್ ಕೊಡದಿದ್ದರೆ ವಸೂಲಿ ಪತ್ರ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ, ಅಲ್ಲಿಂದ ತಹಶೀಲ್ದಾರರ ಕೈಗೆ ಬರಬೇಕು. ಜನ ಬೇಸತ್ತು ಹೋಗುವುದು ಇಲ್ಲೇ. ಗ್ರಾಹಕರ ಆಯೋಗದ ಆದೇಶ ಪಾಲಿಸದಿದ್ದರೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲಿಗೆ ಅವಕಾಶ ಇದೆ. ಆ ಭಯ ಕೆಲಸ ಮಾಡುತ್ತದೆ.

ಕೈಸಾಲ, ಚೆಕ್ಕು, ಮನೆ ಅಡ್ವಾನ್ಸು

ಗೆಳೆಯನಿಗೆ ಕೊಟ್ಟ ಸಾಲ ವಾಪಸ್ ಬರುತ್ತಿಲ್ಲ. ಅವನ ಚೆಕ್ಕು ನಿಮ್ಮ ಹತ್ತಿರ ಇದ್ದರೆ ಕಥೆಯೇ ಬೇರೆ. ಅವಧಿ ಮೀರದ ಚೆಕ್ಕನ್ನು ಬ್ಯಾಂಕಿಗೆ ಹಾಕಿ ಅದು ವಾಪಸ್ ಬಂದರೆ, ಆ ಮಾಹಿತಿ ಸಿಕ್ಕ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ ಮೇಲೆ 15 ದಿನ ಅವನಿಗೆ ಸಮಯ. ಆಗಲೂ ಕೊಡದಿದ್ದರೆ ಮುಂದಿನ ಒಂದು ತಿಂಗಳಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ದೂರು. ನಿಮ್ಮ ಖಾತೆ ಇರುವ ಬ್ಯಾಂಕ್ ಶಾಖೆಯ ಊರಿನಲ್ಲೇ ಕೇಸು ನಡೆಯುತ್ತದೆ. ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಎರಡರಷ್ಟು ದಂಡ, ಇಲ್ಲವೇ ಎರಡೂ. ಕೇಸು ನಡೆಯುತ್ತಿರುವಾಗಲೇ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರವೂ ಕೋರ್ಟಿಗಿದೆ. ಈ ದಿನಗಳ ಲೆಕ್ಕ ತಪ್ಪಿ ಕೇಸು ಕಳೆದುಕೊಂಡವರು ತುಂಬಾ ಜನ. ಚೆಕ್ಕು ವಾಪಸ್ ಬಂದ ದಿನವೇ ವಕೀಲರನ್ನು ನೋಡಿ.

ಚೆಕ್ಕು ಇಲ್ಲ, ಬರೀ ಪ್ರಾಮಿಸರಿ ನೋಟು ಅಥವಾ ಬ್ಯಾಂಕ್ ವರ್ಗಾವಣೆಯ ದಾಖಲೆ ಇದೆ ಅಂದರೆ ಸಿವಿಲ್ ಕೋರ್ಟೇ ಗತಿ. ಹಣದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷ ಸಮಯ.

ಮನೆ ಬಿಟ್ಟರೂ ಮಾಲೀಕರು ಅಡ್ವಾನ್ಸ್ ಕೊಡುತ್ತಿಲ್ಲ ಅನ್ನುವುದು ಬೆಂಗಳೂರಿನ ನಿತ್ಯದ ಗೋಳು. ಇದಕ್ಕೆ ಸಾಮಾನ್ಯವಾಗಿ ಗ್ರಾಹಕರ ಆಯೋಗ ನಡೆಯುವುದಿಲ್ಲ. ಒಂದು ಲಾಯರ್ ನೋಟಿಸ್ ಕೊಡಿಸಿ. ಅದಕ್ಕೂ ಜಗ್ಗದಿದ್ದರೆ ಸೀದಾ ದಾವೆ ಹೂಡುವ ಬದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಡಿ. ಕೋರ್ಟಿನಲ್ಲಿ ಕೇಸು ಇಲ್ಲದೆಯೂ, ವ್ಯಾಜ್ಯಪೂರ್ವ ಅಂತ, ಅದನ್ನು ಲೋಕ ಅದಾಲತ್‌ಗೆ ತೆಗೆದುಕೊಳ್ಳುತ್ತಾರೆ. ಮಾಲೀಕರಿಗೆ ಪ್ರಾಧಿಕಾರದಿಂದ ನೋಟಿಸ್ ಹೋಗುತ್ತದೆ. ಬಾಡಿಗೆದಾರನ ಫೋನು ಎತ್ತದವರು ಇಂಥ ನೋಟಿಸಿಗೆ ಉತ್ತರ ಕೊಡುವ ಸಾಧ್ಯತೆ ಜಾಸ್ತಿ.

ಜಮೀನು ಮತ್ತು ಮನೆಯವರ ನಡುವಿನ ಪಾಲು

ಅಪ್ಪ ತೀರಿಕೊಂಡ ಮೇಲೆ ಪಹಣಿಯಲ್ಲಿ ಅಣ್ಣನ ಹೆಸರು ಮಾತ್ರ ಬಂದಿದೆ. ತಂಗಿ ಎಲ್ಲಿಗೆ ಹೋಗಬೇಕು? ಹಳ್ಳಿಯಲ್ಲಿ ಸಿಗುವ ಸಲಹೆ: "ಎ.ಸಿ. ಕೋರ್ಟಿಗೆ ಅಪೀಲು ಹಾಕು." ಮ್ಯುಟೇಶನ್, ಅಂದರೆ ದಾಖಲೆಯಲ್ಲಿ ಹೆಸರು ಬದಲಾವಣೆ, ತಪ್ಪಾಗಿದ್ದರೆ ಎ.ಸಿ. ಮುಂದೆ ಮೇಲ್ಮನವಿ ಹೋಗುತ್ತದೆ ಅನ್ನುವುದು ನಿಜ, ಅಲ್ಲಿಂದ ಡಿ.ಸಿ. (ಜಿಲ್ಲಾಧಿಕಾರಿ) ಕಡೆಗೂ ಹೋಗಬಹುದು. ಆದರೆ ಕಂದಾಯ ಅಧಿಕಾರಿಗಳು ಯಾರಿಗೆ ಎಷ್ಟು ಹಕ್ಕಿದೆ ಅಂತ ತೀರ್ಮಾನಿಸುವಂತಿಲ್ಲ. ಪಹಣಿ ಕಂದಾಯ ಕಟ್ಟುವವರ ದಾಖಲೆ, ಅದರಿಂದಲೇ ಮಾಲೀಕತ್ವ ಹುಟ್ಟುವುದಿಲ್ಲ. ವರ್ಷಗಟ್ಟಲೆ ಅಲ್ಲಿ ಓಡಾಡಿದ ಮೇಲೆ "ಸಿವಿಲ್ ಕೋರ್ಟಿನಲ್ಲಿ ಹಕ್ಕು ಸಾಬೀತು ಮಾಡಿಕೊಂಡು ಬನ್ನಿ" ಎಂಬ ಆದೇಶ ಕೈಗೆ ಬರುತ್ತದೆ. ಆದ್ದರಿಂದ ಹೀಗೆ ವಿಂಗಡಿಸಿ. ಹೆಸರಿನ ಅಕ್ಷರ ತಪ್ಪು, ವಿಸ್ತೀರ್ಣದ ಅಂಕಿ ತಪ್ಪು, ಇಂಥವು ತಹಶೀಲ್ದಾರರ ಕಚೇರಿಯಲ್ಲಿ. ಪಾಲಿನದೇ ತಕರಾರು ಅಂದರೆ ಮೊದಲ ದಿನವೇ ಸಿವಿಲ್ ಕೋರ್ಟಿನಲ್ಲಿ ವಿಭಾಗದ ದಾವೆ.

ಖರ್ಚಿಗೆ ಹೆದರಿ ಹೆಣ್ಣುಮಕ್ಕಳು ಹಿಂಜರಿಯುತ್ತಾರೆ. ಅವರಿಗೆ ಗೊತ್ತಿರಬೇಕಾದ ಮಾತು: ಆಸ್ತಿ ಇನ್ನೂ ಒಟ್ಟು ಕುಟುಂಬದ ಸ್ವಾಧೀನದಲ್ಲಿದ್ದರೆ, ಅದರ ಬೆಲೆ ಕೋಟಿ ಇದ್ದರೂ ಕರ್ನಾಟಕದಲ್ಲಿ ವಿಭಾಗದ ದಾವೆಗೆ ಕೋರ್ಟು ಶುಲ್ಕ ಹೆಚ್ಚೆಂದರೆ 200 ರೂಪಾಯಿ. ಸ್ವಾಧೀನದಿಂದ ಪೂರ್ತಿ ಹೊರಗೆ ಹಾಕಿದ್ದರೆ ಮಾತ್ರ ನಿಮ್ಮ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಹೊತ್ತಿಗೆ ತಂದೆ ಬದುಕಿರಲೇಬೇಕಿಲ್ಲ ಅಂತ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿ ಗೊಂದಲ ತೀರಿಸಿದೆ.

ಸಮಯದ ವಿಷಯದಲ್ಲಿ ಮಾತ್ರ ಸುಳ್ಳು ಭರವಸೆ ಬೇಡ. ವಿಭಾಗದ ದಾವೆ ಎರಡು ಹಂತದ್ದು. ಮೊದಲು ಯಾರಿಗೆ ಎಷ್ಟು ಪಾಲು ಅಂತ ಪ್ರಾಥಮಿಕ ಡಿಕ್ರಿ, ಅಂದರೆ ಕೋರ್ಟಿನ ತೀರ್ಮಾನದ ಆದೇಶ. ಆಮೇಲೆ ಎಫ್‌ಡಿಪಿ ಅಂತ ಕರೆಯುವ ಅಂತಿಮ ಡಿಕ್ರಿಯ ನಡವಳಿ. ಕೃಷಿ ಜಮೀನಾದರೆ ಅಳತೆ ಮಾಡಿ ಹಂಚುವ ಕೆಲಸ ಮತ್ತೆ ಕಂದಾಯ ಇಲಾಖೆಗೆ ಹೋಗುತ್ತದೆ. ಮೊದಲ ಡಿಕ್ರಿ ಸಿಕ್ಕಿತು, ಗೆದ್ದೆವು ಅಂತ ಮನೆಯಲ್ಲಿ ಕೂತು, ಎರಡನೇ ಹಂತಕ್ಕೆ ಅರ್ಜಿಯನ್ನೇ ಹಾಕದೆ ಇರುವ ಕುಟುಂಬಗಳಿವೆ.

ವಿದೇಶದಲ್ಲಿರುವವರು ಇನ್ನೊಬ್ಬರಿಗೆ ಜಿಪಿಎ (ತಮ್ಮ ಪರವಾಗಿ ನಡೆದುಕೊಳ್ಳುವ ಅಧಿಕಾರ ಪತ್ರ) ಕೊಟ್ಟು ದಾವೆ ಹೂಡಿಸಬಹುದು. ಆ ಪತ್ರ ಭಾರತಕ್ಕೆ ಬಂದ ಮೂರು ತಿಂಗಳಲ್ಲಿ ಸ್ಟಾಂಪ್ ಶುಲ್ಕ ಕಟ್ಟಿಸಬೇಕು. ಆದರೆ ನಿಮಗೆ ಮಾತ್ರ ಗೊತ್ತಿರುವ ಸಂಗತಿಗೆ ಜಿಪಿಎ ಹಿಡಿದವರು ಸಾಕ್ಷಿ ಹೇಳಲು ಬರುವುದಿಲ್ಲ. ಆ ದಿನಕ್ಕೆ ನೀವೇ ಬೇಕು.

ರಾಜಿ ಅಂದರೆ: ಲೋಕ ಅದಾಲತ್ತೋ, ಮಧ್ಯಸ್ಥಿಕೆಯೋ?

ಎರಡೂ ಒಂದೇ ಅಂತ ಅಂದುಕೊಂಡವರು ಜಾಸ್ತಿ. ಒಳಗೆ ಹೋಗಿ ಕೂತರೆ ವ್ಯತ್ಯಾಸ ತಿಳಿಯುತ್ತದೆ.

ರಾಷ್ಟ್ರೀಯ ಲೋಕ ಅದಾಲತ್ ಸಾಮಾನ್ಯವಾಗಿ ಒಂದು ಶನಿವಾರ ನಡೆಯುತ್ತದೆ. ಕೋರ್ಟ್ ಹಾಲಿನಲ್ಲಿ ಜಡ್ಜು, ಅವರ ಪಕ್ಕ ಸಂಧಾನಕಾರರಾಗಿ ಒಬ್ಬ ವಕೀಲರು. ಫೈಲಿನ ಮೇಲೆ ಫೈಲು. ಚೆಕ್ ಕೇಸು, ಅಪಘಾತ ಪರಿಹಾರ, ಬ್ಯಾಂಕ್ ಸಾಲ. "ಎಷ್ಟಕ್ಕೆ ಒಪ್ತೀರಾ?" ಎಂಬ ಪ್ರಶ್ನೆ, ಒಂದಿಷ್ಟು ಚೌಕಾಸಿ, ಸಹಿ. ಹಣದ ಮೊತ್ತ ಒಂದೇ ಬಗೆಹರಿಯಬೇಕಾದ ಕೇಸಿಗೆ ಇದು ಬಹಳ ಒಳ್ಳೆಯದು. ಕಟ್ಟಿದ ಕೋರ್ಟು ಶುಲ್ಕವೂ ವಾಪಸ್. ಆದರೆ ಆ ಆದೇಶ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಸಂಜೆ ಮನೆಗೆ ಹೋಗಿ "ಕಡಿಮೆ ಆಯ್ತು" ಅಂದರೆ ಮುಗಿಯಿತು. ಆದ್ದರಿಂದ ಸಹಿ ಹಾಕುವ ಮುಂಚೆ ರಾಜಿ ಅರ್ಜಿಯನ್ನು ಪೂರ್ತಿ ಓದಿಸಿಕೊಳ್ಳಿ. ಹಣ ಯಾವ ತಾರೀಕಿಗೆ? ಕಂತಿನಲ್ಲಾದರೆ ಕಂತು ತಪ್ಪಿದಾಗ ಏನು? "ಎರಡು ಕಂತು ತಪ್ಪಿದರೆ ಉಳಿದ ಪೂರ್ತಿ ಬಾಕಿಯನ್ನು ಬಡ್ಡಿ ಸಮೇತ ಒಂದೇ ಸಲ ಕೊಡತಕ್ಕದ್ದು" ಎಂಬ ಒಂದು ಸಾಲು ಸೇರಿಸಿದರೆ ಮುಂದೆ ಆದೇಶ ಜಾರಿಗೆ ಹಾಕುವ ಅಮಲ್ಜಾರಿ ಅರ್ಜಿಯ ದಾರಿ ಸುಲಭ. ಅಪಘಾತದ ಕೇಸಿನಲ್ಲಿ ವಿಮಾ ಕಂಪನಿ ಹೇಳುವ ಮೊತ್ತ ನ್ಯಾಯಮಂಡಳಿಯಲ್ಲಿ ಸಿಗಬಹುದಾದದ್ದಕ್ಕೆ ಎಷ್ಟು ಹತ್ತಿರ ಇದೆ ಅಂತ ನಿಮ್ಮ ವಕೀಲರಿಂದ ಮೊದಲೇ ಲೆಕ್ಕ ಹಾಕಿಸಿ.

ಮಧ್ಯಸ್ಥಿಕೆಗೆ ಅವಸರ ಇಲ್ಲ. ಬೆಂಗಳೂರಿನ ನ್ಯಾಯದೇಗುಲದಲ್ಲಿರುವ ಮಧ್ಯಸ್ಥಿಕೆ ಕೇಂದ್ರ 2007ರ ಜನವರಿಯಿಂದ ನಡೆಯುತ್ತಿದೆ. ಅಲ್ಲಿ ಮಧ್ಯಸ್ಥಗಾರರು ಇಬ್ಬರನ್ನೂ ಒಟ್ಟಿಗೆ ಕೂರಿಸುತ್ತಾರೆ, ಆಮೇಲೆ ಒಬ್ಬೊಬ್ಬರನ್ನೇ ಕರೆದು ಮಾತಾಡಿಸುತ್ತಾರೆ. ಅಲ್ಲಿ ಆಡಿದ ಮಾತು ಕೋರ್ಟಿನಲ್ಲಿ ಸಾಕ್ಷಿಯಾಗುವುದಿಲ್ಲ. ಒಪ್ಪದಿದ್ದರೆ ಎದ್ದು ಬರಬಹುದು, ಕೇಸು ಇದ್ದ ಜಾಗದಿಂದಲೇ ಮುಂದುವರಿಯುತ್ತದೆ. ಅಣ್ಣ ತಮ್ಮಂದಿರ ಪಾಲು, ಗಂಡ ಹೆಂಡತಿಯ ಜಗಳ, ಪಾಲುದಾರರ ಮುನಿಸು, ಇವುಗಳಲ್ಲಿ ಹಣದ ಹಿಂದೆ ಹತ್ತು ವರ್ಷದ ಮಾತು ಇರುತ್ತದೆ. ಶನಿವಾರದ ಗಡಿಬಿಡಿಯಲ್ಲಿ ಅದನ್ನು ಕೇಳಲು ಯಾರಿಗೂ ಆಗುವುದಿಲ್ಲ. ಇಂಥವಕ್ಕೆ ನಾನು ಮಧ್ಯಸ್ಥಿಕೆಯನ್ನೇ ಹೇಳುತ್ತೇನೆ. ಒಂದು ಎಚ್ಚರಿಕೆ: ಎದುರಿನವರು ಜಮೀನು ಮಾರಲು ಹೊರಟಿದ್ದರೆ ಮೊದಲು ದಾವೆ ಹೂಡಿ, ತಡೆಯಾಜ್ಞೆ ಪಡೆದು, ಆಮೇಲೆ ಮಾತಿಗೆ ಕೂತುಕೊಳ್ಳಿ. ಹೊಡೆತ ಬಡಿತ ಇರುವ ಮನೆಯಲ್ಲೂ ಮೊದಲು ರಕ್ಷಣೆ, ಆಮೇಲೆ ರಾಜಿ.

ಖಾಯಂ ಲೋಕ ಅದಾಲತ್ ಇವೆರಡಕ್ಕಿಂತ ಬೇರೆ. ಕರೆಂಟು, ನೀರು, ಸಾರಿಗೆ, ಅಂಚೆ, ಫೋನು, ಆಸ್ಪತ್ರೆ, ವಿಮೆ, ಇಂಥ ಸೇವೆಗಳ ತಕರಾರಿಗೆ, 1 ಕೋಟಿ ರೂಪಾಯಿವರೆಗೆ. ಇಲ್ಲಿ ರಾಜಿ ಆಗದಿದ್ದರೆ ಅವರೇ ತೀರ್ಪು ಕೊಡಬಲ್ಲರು. ಶುಲ್ಕ ಇಲ್ಲ, ಅಪೀಲೂ ಇಲ್ಲ. ನಿಮ್ಮ ದಾಖಲೆ ಗಟ್ಟಿ ಇದ್ದು ಬೇಗ ಮುಗಿಯಲಿ ಅನ್ನುವುದಾದರೆ ಇದು. ಸೋತರೆ ಮೇಲಕ್ಕೆ ಹೋಗಲು ಅವಕಾಶ ಬೇಕು ಅನ್ನುವುದಾದರೆ ಗ್ರಾಹಕರ ಆಯೋಗ.

ಹೈಕೋರ್ಟಿಗೆ ನೇರವಾಗಿ ಹೋಗಬಹುದಾ?

ಸರ್ಕಾರಿ ಕಚೇರಿ ಕಾನೂನು ಮೀರಿ ಆದೇಶ ಮಾಡಿದ್ದರೆ, ಮಾಡಬೇಕಾದ ಕೆಲಸ ಮಾಡದೆ ಕೂತಿದ್ದರೆ, ಅದನ್ನು ಸರಿಪಡಿಸುವಂತೆ ಹೈಕೋರ್ಟಿಗೆ ನೇರವಾಗಿ ಹಾಕುವ ರಿಟ್ ಅರ್ಜಿ ಸರಿ. ಪಕ್ಕದ ಮನೆಯವರು ಬದು ಒತ್ತಿದ್ದಕ್ಕೆ, ಸಾಲ ಕೊಡದಿದ್ದಕ್ಕೆ ರಿಟ್ ನಡೆಯುವುದಿಲ್ಲ. "ಹೈಕೋರ್ಟಿನಲ್ಲೇ ಹಾಕೋಣ" ಅಂತ ಯಾರಾದರೂ ಹುರಿದುಂಬಿಸಿದರೆ ಯಾಕೆ ಅಂತ ಕೇಳಿ.

ವಕೀಲರನ್ನು ಆರಿಸುವಾಗ

ಇಂಗ್ಲೆಂಡಿನಲ್ಲಿ ಕಾಗದಪತ್ರ ನೋಡುವ ಸಾಲಿಸಿಟರ್ ಬೇರೆ, ಕೋರ್ಟಿನಲ್ಲಿ ವಾದಿಸುವ ಬ್ಯಾರಿಸ್ಟರ್ ಬೇರೆ. ನಮ್ಮಲ್ಲಿ 1961ರ ವಕೀಲರ ಕಾಯ್ದೆ ಎಲ್ಲರನ್ನೂ ಒಂದೇ ವರ್ಗಕ್ಕೆ ತಂದಿತು. ನೋಟಿಸ್ ಬರೆಯುವವರೂ ಅವರೇ, ಪಾಟಿ ಸವಾಲು ಮಾಡುವವರೂ ಅವರೇ. ಇದರೊಳಗೆ ಸುಪ್ರೀಂ ಕೋರ್ಟು, ಹೈಕೋರ್ಟುಗಳು ಕೆಲವರನ್ನು ಹಿರಿಯ ವಕೀಲರು ಅಂತ ಹೆಸರಿಸುತ್ತವೆ. ಅವರು ನೇರವಾಗಿ ನಿಮ್ಮ ವಕಾಲತ್ತು (ನಿಮ್ಮ ಪರ ಕೇಸು ನಡೆಸುವ ಅಧಿಕಾರ ಪತ್ರ) ಹಾಕುವುದಿಲ್ಲ, ಇನ್ನೊಬ್ಬ ವಕೀಲರ ಮೂಲಕವೇ ಬರುತ್ತಾರೆ. ಸುಪ್ರೀಂ ಕೋರ್ಟಿನಲ್ಲಿ ವಕಾಲತ್ತು ಹಾಕಲು ಅಲ್ಲಿನ ಪರೀಕ್ಷೆ ಪಾಸಾದ ಅಡ್ವೊಕೇಟ್ ಆನ್ ರೆಕಾರ್ಡ್ ಬೇಕು. ನೋಟರಿ, ಸಬ್‌ರಿಜಿಸ್ಟ್ರಾರ್ ಕಚೇರಿ ಎದುರಿನ ಪತ್ರ ಬರಹಗಾರರು ಬೇರೆ ಕೆಲಸದವರು. ಕ್ರಯಪತ್ರ ಬರೆದವರ ಹತ್ತಿರ ಆಸ್ತಿಯ ಹಕ್ಕಿನ ಬಗ್ಗೆ ಕಾನೂನು ಅಭಿಪ್ರಾಯ ಕೇಳಬೇಡಿ.

ದೊಡ್ಡ ಹೆಸರಿಗಿಂತ, ನಿಮ್ಮ ಕೇಸು ನಡೆಯುವ ಕೋರ್ಟಿನಲ್ಲಿ ದಿನಾ ಕಾಣುವವರನ್ನು ಹಿಡಿಯಿರಿ. ತಾಲ್ಲೂಕಿನ ದಾವೆಗೆ ಬೆಂಗಳೂರಿನಿಂದ ವಕೀಲರನ್ನು ಕರೆತಂದರೆ ವಾಯಿದೆಯ ಮೇಲೆ ವಾಯಿದೆ ಬೀಳುತ್ತದೆ. ಹೆಸರಿನ ಜೊತೆ ಕೆಎಆರ್ ಎಂದು ಶುರುವಾಗುವ ನೋಂದಣಿ ಸಂಖ್ಯೆ ಇದೆಯಾ ನೋಡಿ. ಫೀ ಒಟ್ಟಿಗೆ ಎಷ್ಟು, ಯಾವ ಹಂತಕ್ಕೆ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ. "ಗೆದ್ದ ಹಣದಲ್ಲಿ ಇಷ್ಟು ಪರ್ಸೆಂಟ್ ಕೊಡಿ ಸಾಕು" ಅನ್ನುವುದು ಬಾರ್ ಕೌನ್ಸಿಲ್ ನಿಯಮದಲ್ಲಿ ನಿಷಿದ್ಧ.

ಫೀ ಕೊಡಲು ಆಗದವರಿಗೆ ಉಚಿತ ವಕೀಲರು ಸಿಗುತ್ತಾರೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಮಿಕರು, ಜೈಲಿನಲ್ಲಿರುವವರು, ಇವರಿಗೆಲ್ಲ ಆದಾಯದ ಪ್ರಶ್ನೆಯೇ ಇಲ್ಲ. ಸಂಬಳ ಪಡೆಯುವ ಹೆಣ್ಣುಮಗಳೂ ಕೇಳಬಹುದು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಫೋನ್ ಸಂಖ್ಯೆ 15100.

ಕೇಸು ದಾಖಲಾದ ಮೇಲೆ 16 ಅಕ್ಷರ, ಅಂಕಿಗಳ ಸಿಎನ್‌ಆರ್ ಸಂಖ್ಯೆ ಕೇಳಿ ಇಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ವಾಯಿದೆ, ಹಿಂದಿನ ಆದೇಶ ಎಲ್ಲ ಕಾಣುತ್ತದೆ.

ವಕೀಲರ ಕೆಲಸ ಸರಿಯಿಲ್ಲದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಲು ಬರುವುದಿಲ್ಲ. ವಕೀಲರ ಸೇವೆ ಆ ಕಾಯ್ದೆಯೊಳಗೆ ಸೇರುವುದಿಲ್ಲ ಅಂತ ಸುಪ್ರೀಂ ಕೋರ್ಟು 2024ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿದೆ. ದುರ್ನಡತೆಯ ದೂರು ಹೋಗಬೇಕಾದದ್ದು ರಾಜ್ಯ ವಕೀಲರ ಪರಿಷತ್ತಿಗೆ. ಬರೀ ಬದಲಾಯಿಸಬೇಕು ಅಂದರೆ ಹಳೆಯ ವಕೀಲರಿಂದ ಎನ್‌ಒಸಿ (ಆಕ್ಷೇಪ ಇಲ್ಲ ಎಂಬ ಪತ್ರ) ಪಡೆದು ಹೊಸ ವಕಾಲತ್ತು ಹಾಕಿಸಿದರಾಯಿತು. ಫೀ ಬಾಕಿ ಇದೆ ಅಂತ ಫೈಲು ಕೊಡದೆ ಇಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಅಂತ ಸುಪ್ರೀಂ ಕೋರ್ಟು 2000ನೇ ಇಸವಿಯಲ್ಲೇ ಹೇಳಿದೆ. ಬಾಕಿ ಫೀಗೆ ಅವರು ಬೇರೆ ದಾರಿ ನೋಡಿಕೊಳ್ಳಬೇಕು. ಫೈಲು ನಿಮ್ಮದು, ಕೇಳಿ ತೆಗೆದುಕೊಳ್ಳಿ.